ಮೇಲೆಲ್ಲಾ ಓಕೆ

ನಮ್ಮ ಯಜಮಾನರಿಗೆ ಬಿಸ್ಕತ್ತು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಸಾಲಾಗಿ ಬರುವ ಪೊಟ್ಟಣಗಳನ್ನು ನೋಡಿ ‘ಓಕೆ’ ಅನ್ನುವುದು. ಅಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಪುಕ್ಕಟೆ ಅನ್ನುತ್ತಾರೆ. ಸೋರುವ ನಲ್ಲಿ ಓಕೆ, ಹಳಸಿದ ಸಾರು ಓಕೆ, ಬಾಣಂತಿ ಹೆಂಡತಿಯ ನಡುನೋವೂ ಓಕೆ.

ಇಂಥವರ ಕೈಗೆ ನಮ್ಮ ಕೋಣೆಯ ಎಸಿ ಸಿಕ್ಕಿತು. ಹಿಂದಿನ ದಿನದಿಂದ ಅದು ಹಚ್ಚಿದೊಡನೆ ಒಂದಿಷ್ಟು ತಣ್ಣನೆ ಗಾಳಿ ಬಿಟ್ಟು ಆಮೇಲೆ ಬರೀ ಬಿಸಿಯುಸಿರು ಬಿಡುತ್ತಿತ್ತು. ಹೊರಗೆ ಕಾಲಿಟ್ಟರೆ ಅಂಗಾಲು ಸುಡುವ ಬಿಸಿಲು. ಇನ್ನೂ ಕತ್ತು ನಿಲ್ಲದ ನನ್ನ ಮಗಳಿಗೆ ಬೆನ್ನು, ಕಂಕುಳು, ತೊಡೆಸಂದಿಯಲ್ಲೆಲ್ಲ ಬೆವರುಗುಳ್ಳೆ. ಅತ್ತೂ ಅತ್ತೂ ಗಂಟಲು ಕಟ್ಟಿತ್ತು, ಹಾಲೂ ಕುಡಿಯುತ್ತಿರಲಿಲ್ಲ.

“ಮಧ್ಯಾಹ್ನದೊಳಗೆ ರೂಮು ತಣ್ಣಗಾಗ್ಲಿಲ್ಲ ಅಂದ್ರೆ ಮಗು ಎತ್ಕೊಂಡು ಅಮ್ಮನ ಮನೆಗೆ ಹೋಗ್ತೀನಿ, ನೋಡ್ರಿ” ಎಂದೆ. “ರಿಪೇರಿಯವನನ್ನ ಕರೆಸಿ.”

“ದುಡುಕ್ಬೇಡ. ಅವನು ಬಂದವನೇ ಗ್ಯಾಸ್ ಹೋಗಿದೆ ಅಂತಾನೆ, ಚೆನ್ನಾಗಿ ಸುಲೀತಾನೆ. ಮೊದಲು ನಾವೇ ನೋಡ್ಬೇಕು.”

‘ನಾವು’ ಎಂದರೆ ಅವರು ಕುರ್ಚಿಯ ಮೇಲೆ, ನಾನು ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಕುರ್ಚಿ. ಮೊದಲು ನಾವೇ ನೋಡಬೇಕು ಎನ್ನುವ ಮಾತು ತಪ್ಪೇನಲ್ಲ. ಹೇಳಿದವರು ಯಾರು ಎನ್ನುವುದೇ ತೊಂದರೆ.

ಮೊದಲು ತಾರಸಿಗೆ ಹೋಗಿ ಎಸಿಯ ಹೊರಗಿನ ಯೂನಿಟ್ ನೋಡಿ ಬಂದರು. ನನ್ನ ಮುಖ ನೋಡದೆ “ಮೇಲೆಲ್ಲಾ ಓಕೆ” ಎಂದರು. ಆಮೇಲೆ ರಿಮೋಟಿನ ಸೆಲ್ ಬದಲಾಯಿಸಿದರು, ಓಕೆ. ಫಿಲ್ಟರ್ ಎಳೆದು ಅದರ ಧೂಳನ್ನೆಲ್ಲ ತೊಟ್ಟಿಲ ಮೇಲೆ ಉದುರಿಸಿದರು, ತೊಳೆದು ಹಾಕಿದರು, ಓಕೆ. ಮೇನ್ ಸ್ವಿಚ್ ಆರಿಸಿ ಹಾಕಿದರು. ಕಿಟಕಿಯ ಸಂದಿಗೆ ನನ್ನ ಒಳ್ಳೆಯ ಟವೆಲ್ ತುರುಕಿದರು. ಕಡಿದು ಕಟ್ಟೆ ಹಾಕಿದವರಂತೆ ಹಣೆ ಒರೆಸಿಕೊಂಡರು. ಕೋಣೆ ಮಾತ್ರ ಕೆಂಡದಂತೆ ಕಾಯುತ್ತಲೇ ಇತ್ತು. ಕಡೆಗೆ ರಿಪೇರಿಯವನಿಗೇ ಫೋನ್ ಹಚ್ಚಿ “ಎಷ್ಟಾದ್ರೂ ಆಗ್ಲಿ, ನೀವು ಬನ್ನಿ” ಎಂದು ಗೋಗರೆದರು. ಸುಲೀತಾನೆ ಎಂದಿದ್ದ ಬಾಯಲ್ಲೇ ಈ ಮಾತು! ಅವನು ಸಂಜೆ ಬರುತ್ತೇನೆಂದ.

ಒದ್ದೆ ಬಟ್ಟೆ ಒಣಹಾಕಲು ನಾನು ತಾರಸಿಗೆ ಹೋದೆ. ಅಲ್ಲಿ ಎಸಿಯ ಯೂನಿಟ್ ಮದುವೆಗೆ ಹೊರಟಂತೆ ಸಿಂಗರಿಸಿಕೊಂಡು ನಿಂತಿತ್ತು. ಮೈತುಂಬ ರೆಕ್ಸಿನ್ ಗವಸು, ಕೆಳಗೆ ನೆರಿಗೆ, ಹಿಂದೆ ಗುಂಡಿಗಳು. ನೋಡಿದೊಡನೆ ಇದು ನಮ್ಮತ್ತೆಯ ಕೈಕೆಲಸ ಎಂದು ಗೊತ್ತಾಯಿತು. ನಮ್ಮ ಮನೆಯಲ್ಲಿ ಟಿವಿಗೆ ಗವಸು, ಫ್ರಿಜ್ಜಿಗೆ ಗವಸು, ಮಿಕ್ಸಿಗೆ ಗವಸು. ಮೊನ್ನೆಯಿಡೀ ಹೊಲಿಗೆ ಮೆಷಿನ್ ಸದ್ದು ಮಾಡಿದ್ದು ಇದಕ್ಕೇ. ಒಳಗಿನ ಕಾವನ್ನೆಲ್ಲ ಹೊರಗೆ ಉಗುಳಬೇಕಾದ ಯಂತ್ರಕ್ಕೆ ಮೂಗು ಬಾಯಿ ಮುಚ್ಚಿ ಹೊಲಿದಿದ್ದರು.

ಗುಂಡಿ ಬಿಚ್ಚಿ ಗವಸನ್ನು ಎಳೆದು ಹಾಕಿದೆ. ಸ್ವಲ್ಪ ಹೊತ್ತಿನಲ್ಲಿ ಯೂನಿಟ್ಟಿನ ಫ್ಯಾನು ಭರ್ರೆಂದು ತಿರುಗಿತು. ಗವಸನ್ನು ಕಂಕುಳಲ್ಲಿಟ್ಟುಕೊಂಡು ಕೆಳಗೆ ಬಂದೆ.

“ಬೆಳಿಗ್ಗೆ ಇದನ್ನ ನೋಡಿದ್ರಿ ತಾನೆ?”

ಅವರು ಅಡುಗೆಮನೆಯತ್ತ ಕಣ್ಣು ಹಾಯಿಸಿದರು. “ಮೆಲ್ಲಗೆ ಮಾತಾಡೇ. ಅಮ್ಮ ಆಸೆಯಿಂದ ಹೊಲಿದಿದ್ದು. ತೆಗಿ ಅಂದ್ರೆ ಬೇಜಾರ್ ಮಾಡ್ಕೋತಾಳೆ. ಸಂಜೆ ರಿಪೇರಿಯವನು ಬಂದು ಅವನೇ ಹೇಳಿದ್ರೆ ಆಯ್ತಪ್ಪ.”

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದಿನ ಇವರನ್ನು ಬರೀ ಪೆದ್ದು ಎಂದುಕೊಂಡಿದ್ದೆ. ಪೆದ್ದರ ಜೊತೆ ಹೇಗೋ ಬಾಳಬಹುದು. ಇವರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಫಿಲ್ಟರ್ ತೊಳೆದರು, ಟವೆಲ್ ತುರುಕಿದರು, ಮಗು ಬೇಯುತ್ತಿದ್ದರೂ ನಾಟಕ ಆಡಿದರು.

ಅಷ್ಟರಲ್ಲಿ ಅತ್ತೆಯೇ ಸೆರಗಿಗೆ ಕೈ ಒರೆಸುತ್ತ ಬಂದರು. ನಾನು ಗವಸು ತೋರಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ.

“ಅಯ್ಯೋ ನನ್ನ ಬುದ್ಧಿಗಿಷ್ಟು! ಬಿಸಿಲಿಗೆ ಬಣ್ಣ ಹೋಗುತ್ತೆ ಅಂತ ಹೊಲ್ದೆ ಕಣಮ್ಮ. ಒಂದು ಮಾತು ಹೇಳಿದ್ರೆ ಆಗ್ಲೇ ಕಿತ್ತು ಬಿಸಾಕ್ತಿದ್ನಲ್ಲ!” ಎನ್ನುತ್ತ ಮಗುವಿನ ಬೆನ್ನು ಸವರಿದರು. ಬೇಜಾರೂ ಇಲ್ಲ, ಮುನಿಸೂ ಇಲ್ಲ. ಆಮೇಲೆ ಮಗನ ಕಡೆ ತಿರುಗಿದರು. “ನೀನು ಬೆಳಿಗ್ಗೆ ಮೇಲೆ ಹೋಗಿದ್ಯಲ್ಲೋ, ಕಾಣಿಸ್ಲಿಲ್ವಾ?”

“ಇಲ್ಲಮ್ಮ” ಎಂದರು ತಪಾಸಣೆಯವರು. “ಇವಳಾದ್ರೂ ಹೋಗಿ ನೋಡ್ಬಾರ್ದಿತ್ತಾ?”

ಅತ್ತೆ ನನ್ನ ಮುಖ ನೋಡಿದರು.

ಊಟದ ಹೊತ್ತಿಗೆ ಕೋಣೆ ತಣ್ಣಗಾಗಿತ್ತು. ಮಗಳು ಹೊಟ್ಟೆ ತುಂಬ ಹಾಲು ಕುಡಿದು ಮುಷ್ಟಿ ಸಡಿಲಿಸಿ ಮಲಗಿದಳು. ನಾನು ಅಣ್ಣನಿಗೆ ಫೋನ್ ಮಾಡಿ ಕಾರು ತರಲು ಹೇಳಿದೆ, ಅವಳ ಬಟ್ಟೆ ಮಡಚತೊಡಗಿದೆ.

ಯಜಮಾನರು ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟರು. “ರೂಮು ತಣ್ಣಗಾಯ್ತಲ್ಲೇ, ಮತ್ಯಾಕೆ ಹೊರಟೆ?”

“ಸೆಕೆ ಅಂತ ಹೊರಟಿಲ್ಲ” ಎಂದೆ.

ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ರಿಮೋಟ್ ಎತ್ತಿಕೊಂಡು ಇನ್ನೂ ಎರಡು ಡಿಗ್ರಿ ಇಳಿಸಿದರು.