ಕಡೀ ಸೊನ್ನಿ

"ಆ ಮೂಲಿ ಜಗ್ಗಿ ಕಟ್ಟವಾ, ಅಕ್ಷರ ಜೋಲಬಾರದು" ಎಂದ ಕರೀಮಸಾಬ, ಏಣಿಯ ಮೇಲಿಂದ.

ಶೈಲಾ ಹಗ್ಗ ಜಗ್ಗಿದಳು. ಬೆಟಗೇರಿಯ ಆ ಓಣಿಯಲ್ಲಿ ಬೆಳಗಿನಿಂದ ಮಗ್ಗಗಳು ನಿಂತಿದ್ದವು. ಪಡಸಾಲೆಯಲ್ಲಿ ಅವಳ ಅಪ್ಪನ, ಪೇಂಟರ್ ನಿಜಲಿಂಗಪ್ಪನ, ಹೆಣವನ್ನು ವಿಭೂತಿ ಹಚ್ಚಿ ಗೋಡೆಗಾನಿಸಿ ಕೂರಿಸಿದ್ದರು. ಹೊರಗೆ ಬ್ಯಾನರಿನಲ್ಲಿ ಅವನ ಹೆಸರು ಬಿಚ್ಚಿಕೊಂಡಿತು: ಹೊಟ್ಟೆ ಉಬ್ಬಿದ 'ನಿ', ಬಾಲ ಕುಣಿಸುವ 'ಜ', ಕಾಲು ಚಾಚಿ ಕುಳಿತ 'ಲಿ'.

"ತಗೀರಿ ಅದನ್ನ" ಎಂದಳು ಬಾಗಿಲಲ್ಲಿ ನಿಂತ ಬಸವಣ್ಣೆವ್ವ. ಓದು ಬಾರದಿದ್ದರೂ ಗಂಡನ ಅಕ್ಷರ ಅವಳಿಗೆ ಗುರುತು. "ಸತ್ತವರ ಬೋರ್ಡು ಅವರು ಒಂದೂ ಬರೀಲಿಲ್ಲ. ನನ್ನ ಅಕ್ಷರ ನಗತಾವು, ಸಾವಿನ ಮನಿ ಮುಂದ ಬ್ಯಾಡ ಅಂತಿದ್ರು."

"ಯವ್ವಾ, ಎರಡು ವರ್ಷ ಊರೂರು ತಿರುಗಿ ಅಪ್ಪನ ಬೋರ್ಡಿನ ಫೋಟೋ ತಗದು, ಕಂಪ್ಯೂಟರದಾಗ ಈ ಅಕ್ಷರ ಕೂಡಿಸೇನಿ. ಮುಂದಿನ ವಾರ ಅವಗ ತೋರಸೋದಿತ್ತು."

"ಬಂದ ಮಂದಿ ಏನಂತಾರ?"

"ಒಬ್ಬರು ಬ್ಯಾಡ ಅಂದ್ರೂ ಬಿಚ್ಚತೀನಿ."

*

ನಿಜಲಿಂಗಪ್ಪನದೊಂದು ಪದ್ಧತಿಯಿತ್ತು. ಬೋರ್ಡು ಪೂರ್ತಿ ಬರೆದು ಅಕ್ಷರದ ಮುಂದಿನ ಒಂದು ಸೊನ್ನೆಯ ಹೊಟ್ಟೆ ಮಾತ್ರ ಖಾಲಿ ಬಿಡುತ್ತಿದ್ದ. ಆಮೇಲೆ ಕೆಂಪು ಬಣ್ಣದ ಡಬ್ಬಿಯನ್ನು ಅಂಗಡಿಯವರ ಮುಂದೆ ಹಿಡಿಯುತ್ತಿದ್ದ.

"ಬೋರ್ಡು ನಿಮ್ಮದು. ಕಡೀ ಸೊನ್ನಿ ನೀವ ತುಂಬ್ರಿ."

ಮುಂಡರಗಿಯಲ್ಲಿ ಖಾನಾವಳಿ ತೆರೆದ ದಿನ ಚನ್ನಬಸವಣ್ಣ ಸೊನ್ನೆ ತುಂಬುವಾಗ ಬಣ್ಣ ಗೆರೆ ದಾಟಿತು. ನಿಜಲಿಂಗಪ್ಪ ತಿದ್ದಲಿಲ್ಲ. ಮೇಲೊಂದು ಹಸಿರು ಎಲೆ ಬರೆದು ಟೊಮೇಟೊ ಮಾಡಿಬಿಟ್ಟ.

ಅವನ ಸ್ವಂತ ಮನೆಗೆ ಬೋರ್ಡಿರಲಿಲ್ಲ. ಹೆಂಡತಿ ಕೇಳಿದರೆ ನಾಳೆ ಅನ್ನುತ್ತಿದ್ದ.

*

ಮಧ್ಯಾಹ್ನ ಟೆಂಪೋದಿಂದಿಳಿದ ಚನ್ನಬಸವಣ್ಣ, ಮಾಲೆ ಕೈಯಲ್ಲೇ ಹಿಡಿದು ಬ್ಯಾನರಿನ ಮುಂದೆ ನಿಂತುಬಿಟ್ಟ.

"ಆ 'ಪ್ಪ' ನಮ್ಮ ಖಾನಾವಳಿದು. ಹಪ್ಪಳದ 'ಪ್ಪ'."

"ಜ ನಂದ" ಎಂದಳು ಶಿರಹಟ್ಟಿಯ ಸೀರೆ ಅಂಗಡಿಯ ಮುದುಕವ್ವ. "ಜರತಾರಿ ಅಂತ ಬರದಿದ್ದ."

"ಗ ನಂದು, ಲಕ್ಷ್ಮೇಶ್ವರದ ಸೈಕಲ್ ಅಂಗಡಿದು" ಎಂದ ಕರೀಮಸಾಬ.

"ಎಲ್ಲಾರ ಅಂಗಡಿಗೂ ಗ ಐತಿ ತಗೋ ಸಾಬಾ" ಎಂದ ಚನ್ನಬಸವಣ್ಣ.

"ಇದರ ಬೆನ್ನು ನೋಡು, ಡೊಂಕೈತಿ. ನನ್ನ ನೋಡಿಕೋತನ ಬರದಾನ ಮಗ."

ಓಣಿ ನಕ್ಕಿತು. ಮಂದಿ ಒಬ್ಬರನ್ನೊಬ್ಬರು ತಳ್ಳಿ ಮುಂದೆ ಬಂದು ತಮ್ಮ ತಮ್ಮ ಅಕ್ಷರ ಹುಡುಕತೊಡಗಿದರು. ಹೊಸ್ತಿಲಲ್ಲಿದ್ದ ಬಸವಣ್ಣೆವ್ವನನ್ನು ಕಂಡು ಎಲ್ಲರೂ ಹಿಂದೆ ಸರಿದರು. ಶೈಲಾ ಬಿಚ್ಚಲು ಹಗ್ಗಕ್ಕೆ ಕೈ ಹಾಕಿದಳು.

"'ಲಿ' ಮುಂದಿನ ಸೊನ್ನಿ ಖಾಲಿ ಐತಲ್ಲ" ಎಂದ ಚನ್ನಬಸವಣ್ಣ ಮೆಲ್ಲಗೆ. "ಮರತೇನವಾ?"

"ಇಲ್ರಿ ಕಾಕಾ. ಅಪ್ಪ ಬಿಟ್ಟಂಗ ಬಿಟ್ಟೇನಿ."

ಬಸವಣ್ಣೆವ್ವ ಮೆಟ್ಟಿಲಿಳಿದಳು. "ಕೆಂಪು ಡಬ್ಬಿ ಗ್ವಾಡಿ ಮಾಡದಾಗ ಐತಿ, ತಾ."

ಶೈಲಾ ಅಲ್ಲಿದ್ದ ಡಬ್ಬಿಗಳನ್ನೂ ಕುಂಚವನ್ನೂ ತಂದಳು; ಕುಂಚ ಒಣಗಿ ಕಲ್ಲಾಗಿತ್ತು. ಬಸವಣ್ಣೆವ್ವ ಉಂಗುರ ಬೆರಳನ್ನೇ ಅದ್ದಿದಳು. ಕೈ ಎಟುಕಲಿಲ್ಲ. ಕರೀಮಸಾಬ ಮೇಲಿನ ಹಗ್ಗ ಸಡಿಲಿಸಿ, ಹೆಸರನ್ನು ಅವಳ ಎದೆಮಟ್ಟಕ್ಕೆ ಇಳಿಸಿ ಹಿಡಿದ.

ಬೆರಳು ಸೊನ್ನೆಯೊಳಗೆ ಸುತ್ತಿತು, ನಿಧಾನ.

"ಗೆರಿ ದಾಟ್ತು" ಎಂದಳು.

ಶೈಲಾ ಆಗಲೇ ಹಸಿರು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು.