ಕೊಂಡವರು ಕಟ್ಟಲಿ

"ನನ್ನ ಕತ್ತರಿ ಯಾರು ಮುಟ್ಟಿದ್ದು?" ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ಕೂಗಿದಳು. "ನಿನ್ನೆಯೂ ಅಲಗಿಗೆ ಬಿಳಿ ಪುಡಿ ಮೆತ್ತಿತ್ತು. ಗಿರಾಕಿಯ ಕರಿ ಕೋಟಿನ ಮೇಲೆಲ್ಲ ಕಲೆ."

"ನಿನ್ನ ಸೀಮೆಸುಣ್ಣವೇ ಇರಬೇಕು," ಎಂದ ಗಂಡ. ಅವನು ಮುದ್ರಣಾಲಯದಲ್ಲಿ ಫೋರ್‌ಮನ್. ಸಂಬಳದ ಚೀಟಿ ಕೈಗೆ ಬಂದ ದಿನ ಅವನ ಮೈಯೆಲ್ಲ ಉರಿಯುತ್ತಿತ್ತು. ಟೀವಿಯಲ್ಲಿ ತೆರಿಗೆಯ ಚರ್ಚೆ ಶುರುವಾದ ಮೇಲಂತೂ ದಿನವೂ ಉರಿಯೇ.

"ನೋಡು ಈ ಚೀಟಿ, ಕೈಗೆ ಬರೋ ಮೊದಲೇ ತೆರಿಗೆ ಹಿಡ್ಕೊಂಡಿದ್ದಾರೆ. ನಮ್ಮ ಮಾಲೀಕ ನಷ್ಟ ತೋರಿಸಿ ಹಾಯಾಗಿದ್ದಾನೆ. ಈ ಆದಾಯ ತೆರಿಗೇನೇ ಕಿತ್ತು ಬಿಸಾಕಬೇಕು. ಕೊಂಡವರು ಕೊಂಡಾಗ ಕಟ್ಟಲಿ. ಒಂದೇ ತೆರಿಗೆ. ದೊಡ್ಡ ಕಾರು ಕೊಳ್ಳೋನು ಆಗ ಎಲ್ಲಿ ಬಚ್ಚಿಟ್ಕೊಳ್ತಾನೆ?"

"ಅವನು ಕಾರು ಕೊಳ್ಳೋದು ಯಾವಾಗಲೋ ಒಂದ್ಸಲ. ಸೋಪು, ಹಾಲು ದಿನಾ ಬೇಕಲ್ಲ? ದುಡಿಮೆಯೇ ಇಲ್ಲದವರ ತಲೆ ಮೇಲೆ ನಿಮ್ಮ ಹೊರೆ ಇಡ್ತೀರಾ?"

"ನಿನ್ನ ತಲೆ! ಆ ಹೊಸ ತೆರಿಗೆ ಬಂದಾಯ್ತು ಅಂತಲೇ ತಿಳ್ಕೋ!" ಅವನು ಮೇಜು ಗುದ್ದಿದ.

"ಮೆತ್ತಗೆ ಮಾತಾಡ್ರೀ. ಅತ್ತೆ ಮೊನ್ನೆ ಬಚ್ಚಲಲ್ಲಿ ತಲೆ ತಿರುಗಿ ಬಿದ್ದಿದ್ದು ಮರೆತ್ರಾ? ಇಷ್ಟು ಮಾತ್ರೆ ನುಂಗಿದರೂ ರಕ್ತದೊತ್ತಡ ಯಾಕೆ ಇಳೀತಿಲ್ಲ ಅಂತ ಡಾಕ್ಟರಿಗೂ ಗೊತ್ತಾಗ್ತಿಲ್ಲ."

ಅವನು ಗೊಣಗುತ್ತ ಒಳಕೋಣೆಗೆ ಹೋದ.

ಅಮ್ಮ ಮಲಗಿರಲಿಲ್ಲ. ಮಂಚದ ತುದಿಯಲ್ಲಿ ಕೂತು, ತೊಡೆಯ ಮೇಲೆ ಕರವಸ್ತ್ರ ಹಾಸಿ, ಸೊಸೆಯ ಕತ್ತರಿಯಿಂದ ಮಾತ್ರೆಯನ್ನು ಎರಡು ಮಾಡುತ್ತಿದ್ದಳು. ಅರ್ಧ ಬಾಯಿಗೆ ಹೋಯಿತು, ಅರ್ಧ ಬಟ್ಟಲಿಗೆ. ಬಟ್ಟಲಿನ ತಳ ಆಗಲೇ ಅಂಥ ಚೂರುಗಳಿಂದ ಮುಚ್ಚಿತ್ತು.

"ಅಮ್ಮಾ! ಹೀಗೆ ಮಾಡು ಅಂತ ಯಾರು ಹೇಳಿದ್ರು ನಿನಗೆ?"

"ನೀನೇ ಅಲ್ವೇನೋ. ಕೊಂಡವರು ಕಟ್ಟಲಿ ಅಂತ ದಿನಾ ಕೂಗ್ತೀಯ. ನಿನ್ನ ಹೆಂಡ್ತಿಗಾದ್ರೂ ಹೊಲಿಗೆ ಕಾಸಿದೆ. ಈ ಮನೇಲಿ ದುಡೀದೆ ಬರೀ ಕೊಳ್ಳೋಳು ನಾನೊಬ್ಬಳೇ."

"ಅದಿನ್ನೂ ಬಂದೇ ಇಲ್ಲಮ್ಮ. ಬರೀ ಮಾತು."

"ಬರದೇ ಇರೋದಕ್ಕೆ ಇಷ್ಟು ಗಂಟಲು ಹರ್ಕೋತಾರೇನೋ?" ಅಮ್ಮ ನಕ್ಕಳು. ಒಣಗಿದ ತುಟಿಯ ಮೇಲೆ ಮಾತ್ರೆಯ ಪುಡಿ ಅಂಟಿತ್ತು.

ಅವನು ಬಟ್ಟಲಿಗೆ ಕೈ ಹಾಕಿದ. ಉಳಿದರ್ಧವನ್ನು ಅವಳ ಅಂಗೈಗಿಟ್ಟು ನೀರಿನ ಲೋಟ ಹಿಡಿದ. ಅವಳು ನುಂಗುವವರೆಗೂ ಕದಲಲಿಲ್ಲ.

"ಕತ್ತರಿ ಸಿಕ್ತೇನ್ರೀ?" ಹೊರಗಿನಿಂದ ಹೆಂಡತಿ ಕೇಳಿದಳು.

ಅವನು ಕತ್ತರಿಯನ್ನು ಅಂಗಿಯ ಚುಂಗಿಗೆ ಒರೆಸಿದ. ಅಲಗು ಹೊಳೆಯಿತು. ಅಲಗುಗಳು ಕೂಡುವ ತಿರುಪಿನ ಸುತ್ತ ಮಾತ್ರ ಪುಡಿ ಹಾಗೇ ಕೂತಿತ್ತು. ಅದನ್ನು ಉಗುರಿನಿಂದ ಕೆರೆಯುತ್ತ ಬಾಗಿಲಲ್ಲೇ ನಿಂತ.