ಏಳನೇ ಬಾಟಲಿಯ ಜೀರ್ಜಿಂಬೆ

ಹಸಿರು, ಅದೂ ಇಷ್ಟು ಹಸಿರು, ಬಿಳಿ ತಟ್ಟೆಯಲ್ಲಿ, ಸ್ಪಿರಿಟ್ಟಿನ ವಾಸನೆಯ ನಡುವೆ — ಬೆಳಗ್ಗೆಯಿಂದ ಆರು ಬಾಟಲಿಗಳ ಇರುವೆ, ಇರುವೆ, ಮತ್ತದೇ ಕಂದು ಇರುವೆ ಎಂದು ವಿಂಗಡಿಸಿ ಕಣ್ಣು ಸೋತಿದ್ದ ಅವಳ ಚಿಮಟದ ತುದಿಗೆ ಒಂದು ಜೀರ್ಜಿಂಬೆ, ಬಾಟಲಿ ಏಳು, ನೆಲದ ಹುಳಗಳು ಬಿದ್ದರೆ ಎಣಿಸಲೆಂದು ರಬ್ಬರ್ ತೋಟದ ನಟ್ಟನಡುವೆ ಹೂತದ್ದು, ಕಳೆಗೆ ವಿಷ ಹೊಡೆದು ಹೊಡೆದು ಬೋಳಾದ ನೆಲ, ಅಲ್ಲಿ ಇದಕ್ಕೇನು ಕೆಲಸ, ಇದು ಹಳ್ಳದಂಚಿನ ತುಂಡು ಕಾಡಿನದು, ರಬ್ಬರ್ ಹಾಲು ಇಳಿಸಿ ಬರುವಾಗ ಅಪ್ಪ ಅಲ್ಲಿಂದಲೇ ಬೆಂಕಿಪೊಟ್ಟಣದಲ್ಲಿ ತರುತ್ತಿದ್ದ, ಕಿವಿಗಿಟ್ಕೋ ಪುಟ್ಟಿ, ಕರಕರ ಅನ್ನುತ್ತೆ, ಅವಳು ಕೇಳುತ್ತ ಕೇಳುತ್ತ ಅವನ ಬೆರಳ ಸಂದಿಯಲ್ಲಿ ಒಣಗಿದ ರಬ್ಬರ್ ಹಾಲಿನ ಬಿಳಿ ಎಳೆಗಳನ್ನು ಬಿಡಿಸುತ್ತಿದ್ದಳು, ಎಂಥ ಸೋಪಿಗೂ ಹೋಗದವು — ಏಳರದ್ದು ಮುಗೀತೇನಮ್ಮಾ, ಲ್ಯಾಬಿನ ಬಾಗಿಲಲ್ಲಿ ಮೇಡಂ, ನಾಳೆ ಎಸ್ಟೇಟಿನವರ ಜೊತೆ ಮೀಟಿಂಗು, ಇನ್ನೊಂಚೂರು ಮೇಡಂ. ಕಾಡಿನ ಹುಳ ತೋಟದಲ್ಲೂ ಇದೆ ಎಂದಾದರೆ ಎಸ್ಟೇಟಿನವರಿಗೆ ಹಾಲು ಕುಡಿದಷ್ಟು ಸಂತೋಷ, ಆ ತುಂಡನ್ನೂ ಕಡಿದು ರಬ್ಬರ್ ನೆಡುತ್ತಾರೆ, ಮೆಲ್ಲಗೆ ಜೇಬಿಗೆ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ, ಥೂ, ಬುದ್ಧಿ ಎಲ್ಲಿ ಮೇಯಲು ಹೋಯಿತು — ಆದರೆ ಇದೇನಿದು, ಹಿಂಗಾಲಿಗೆ ಅಂಟಿಕೊಂಡು, ಬಿಳಿ, ಎಳೆದರೆ ಹಿಗ್ಗುತ್ತದೆ.

ಬಾಟಲಿ ಹೂಳುವ ಕೆಲಸ ಅಪ್ಪನಿಗೆ ಕೊಡಿಸಿದ್ದು ಅವಳೇ, ಹಾಲಿಳಿಸುವ ಟ್ಯಾಪಿಂಗ್ ಮುಗಿದ ಮೇಲೆ ಸುಮ್ಮನೆ ಕೂರುವ ಜಾಯಮಾನವಲ್ಲ ಅವನದು, ಫೋನ್ ಮಾಡಿದಳು, ಎತ್ತಿದ, ಅಪ್ಪಾ, ಏಳನೇ ಬಾಟ್ಲಿಗೆ ನೀನೇನಾದ್ರೂ ಹಾಕಿದ್ಯಾ, ನಗು, ಸಿಕ್ತಾ, ಹಳ್ಳದ ಹತ್ರ ಬಿದ್ದಿತ್ತು, ಏಳು ಪೂರ್ತಿ ಖಾಲಿ ಪುಟ್ಟಿ, ಒಂದಿರುವೆನೂ ಇಲ್ಲ, ಖಾಲಿ ಕಳಿಸಿದ್ರೆ ನಿನ್ನ ಬೈಯಲ್ವಾ ಅಂತ. ಖಾಲಿಯೇ ಬೇಕಿತ್ತು ಅಪ್ಪಾ, ಆ ತೋಟ ಏನು ಮಾಡಿದೆ ಎಂದು ಹೇಳುವುದಕ್ಕೆ ಖಾಲಿಯೇ ಸಾಕ್ಷಿ — ಎನ್ನುವ ಬದಲು, ಚೆನ್ನಾಗಿದೆ ಅಪ್ಪಾ ಅಂದಳು, ಚೆನ್ನಾಗಿಯೇ ಇತ್ತು, ಅಳು ಬರುವಷ್ಟು. ಏಳನ್ನು ಲೆಕ್ಕದಿಂದ ಬಿಡಬೇಕು, ಮತ್ತೆ ಹೂಳಬೇಕು, ಬೇರೆಯವರ ಕೈಯಿಂದ, ಅಪ್ಪನಿಗೆ ಹೇಗೆ ಹೇಳುವುದು, ವರದಿಯ ಹಾಳೆಯಲ್ಲಿ ಹುಳ ಹೊರಗಿನಿಂದ ಹಾಕಿದ್ದು ಎಂದು ಬರೆದಳು, ಹಾಕಿದವರು ಎಂಬಲ್ಲಿ ಪೆನ್ನು ನಿಂತಿತು, ಕರಕರ, ಕಿವಿಗಿಟ್ಕೋ ಪುಟ್ಟಿ, ನನ್ನ ಅಪ್ಪ ಎಂದು ಬರೆದಳು, ಎಳೆಯನ್ನು ಬಿಡಿಸಲು ಚಿಮಟ ಹಿಡಿದಳು, ಬಿಳಿ ಎಳೆ, ಎಳೆದಷ್ಟೂ ಹಿಗ್ಗುತ್ತ, ಹಿಗ್ಗುತ್ತ, ಕಡಿಯದೆ —